ಕಟ್ಟೆಯ ಮೇಲಿನ ವೈರಾಗ್ಯ

ನಮ್ಮ ಕುಷ್ಟಗಿಯಲ್ಲಿ ಯುಗಾದಿ ಮುಗಿದ ಮೇಲೆ ಮನೆಯೊಳಗೆ ಮಲಗುವವರು ಎರಡೇ ಥರದವರು, ಬಾಣಂತಿಯರು ಮತ್ತು ಹೊಸದಾಗಿ ಮದುವೆಯಾದವರು. ಮಿಕ್ಕವರೆಲ್ಲ ಹೊರಸು ಹೊತ್ತುಕೊಂಡು ಮಾಳಿಗೆಗೋ ಅಂಗಳಕ್ಕೋ ಬರುತ್ತಾರೆ. ನಾನೂ ನನ್ನ ನವಾರದ ಹೊರಸನ್ನು ಮನೆಯ ಮುಂದಿನ ಕಟ್ಟೆಗೆ ತಂದು ಹಾಕಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ವಿಶೇಷ ಶುರುವಾದದ್ದು ಮೃಗಶಿರಾ ಮಳೆ ಬಂದ ಮೇಲೆ. ಓಣಿಯವರೆಲ್ಲ ಹಾಸಿಗೆ ಸುತ್ತಿಕೊಂಡು ಒಳಗೆ ಹೋದರು, ನಾನು ಹೋಗಲಿಲ್ಲ. ಕಟ್ಟೆಗೆ ತಗಡಿನ ಮಾಡು ಇತ್ತು, ನನಗಿದ್ದ ಸಮರ್ಥನೆ ಅಷ್ಟೇ. ಒಳಗೆ ಬರುವುದಿಲ್ಲವೇ ಎಂದು ಹೆಂಡತಿ ಕೇಳಿದಳು. ಒಳಗೆ ಧಗೆ ಬಹಳ ಎಂದೆ. ಆಗ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಆ ಮಾತನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಅವಳು ಒಂದು ಕೌದಿ ತಂದು ಕಾಲ ಬಳಿ ಇಟ್ಟು ಹೋದಳು.

ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನನಗೆ ಒಳಗೆ ಹೋಗಲು ಭಯವಾಗಿತ್ತು.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹುದ್ದೆ ಜಾನುವಾರು ಪರಿವೀಕ್ಷಕನದು, ಜನರ ಬಾಯಲ್ಲಿ ದನದ ಡಾಕ್ಟರು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳನ್ನು ಮೋಟರ್ ಸೈಕಲ್ಲಿನಲ್ಲಿ ಸುತ್ತಿದ್ದೇ ನನ್ನ ನೌಕರಿ. ಎಮ್ಮೆ ಯಾಕೆ ಬೆದೆಗೆ ಬಂದಿಲ್ಲ, ಯಾವ ಟಗರನ್ನು ಬೀಜಕ್ಕೆ ಇಟ್ಟುಕೊಳ್ಳಬೇಕು, ಯಾವುದನ್ನು ಸಂತೆಗೆ ಕಳಿಸಬೇಕು ಎಂದು ಊರ ನಡುವೆ ನಿಂತು ದೊಡ್ಡ ದನಿಯಲ್ಲಿ ತೀರ್ಪು ಕೊಡುತ್ತಿದ್ದೆ. ‘ಇದರ ಕಥಿ ಮುಗೀತು’ ಎಂದು ನಾನು ಟಗರಿನ ಬೆನ್ನು ತಟ್ಟಿ ಹೇಳಿದರೆ ಹತ್ತು ಜನ ತಲೆಯಾಡಿಸುತ್ತಿದ್ದರು. ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ. ಟಗರಿಗೆ ಏನನಿಸುತ್ತಿತ್ತೆಂದು ನಾನು ಯೋಚಿಸಿದವನೇ ಅಲ್ಲ.

ನಿವೃತ್ತಿಯ ಮೇಲೆ ನನ್ನ ಮೈಯಲ್ಲಿ ಒಂದೊಂದೇ ಕಚೇರಿ ಬಾಗಿಲು ಹಾಕತೊಡಗಿತು. ಹೊಟ್ಟೆಯೊಂದೇ ಬಡ್ತಿ ಪಡೆಯುತ್ತಿತ್ತು. ಮಧ್ಯಾಹ್ನ ಕೂತಲ್ಲಿ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಸಣ್ಣ ಮಾತಿಗೆ ಸಿಟ್ಟು, ಅದಕ್ಕಿಂತ ಸಣ್ಣ ಮಾತಿಗೆ ಕಣ್ಣಲ್ಲಿ ನೀರು. ಟೀವಿ ಧಾರಾವಾಹಿಯಲ್ಲಿ ಯಾರೋ ಸೊಸೆ ತವರಿಗೆ ಹೊರಟದ್ದಕ್ಕೆ ನಾನು ಮೂಗು ಒರೆಸಿಕೊಂಡೆ, ಹೆಂಡತಿ ನೋಡಿದ್ದಕ್ಕೆ ಮೆಣಸಿನಕಾಯಿ ಘಾಟು ಎಂದೆ. ಎಲ್ಲಕ್ಕಿಂತ ದೊಡ್ಡದೆಂದರೆ ಆಸೆ ಎನ್ನುವುದು ಹೇಳದೆ ಕೇಳದೆ ಎದ್ದು ಹೋಗಿತ್ತು. ಒಮ್ಮೆ ಅದನ್ನು ಕರೆದು ನೋಡಲು ಹೋಗಿ ಮುಖಭಂಗವಾಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಆಡಲಿಲ್ಲವಾದ್ದರಿಂದ ಅದು ಕನಿಕರವೆಂದು ತಿಳಿದೆ. ಅಷ್ಟರಲ್ಲಿ ಬೇಸಿಗೆ ಬಂದು ನನ್ನ ಮಾನ ಕಾಯ್ದಿತು.

ಓಣಿಯವರಿಗೆ ಇದೆಲ್ಲ ಬೇರೆಯೇ ಆಗಿ ಕಂಡಿತು. ಹುಳಿತೇಗಿನ ಕಾಟಕ್ಕೆ ನಾನು ಸಂಜೆಯ ಮಿರ್ಚಿ ಭಜಿ ಬಿಟ್ಟಿದ್ದೆ. ಕುಷ್ಟಗಿಯಲ್ಲಿ ಗಂಡಸು ಮಿರ್ಚಿ ಬಿಟ್ಟನೆಂದರೆ ಅದಕ್ಕೆ ಗುರುವಿನ ಅಪ್ಪಣೆಯೇ ಆಗಿರಬೇಕು. ಸುಸ್ತೆಂದು ಚಹಾದಂಗಡಿಯ ಹರಟೆ ಬಿಟ್ಟಿದ್ದೆ, ಸಿಟ್ಟು ಬರುತ್ತದೆಂದು ಮಾತು ಕಡಿಮೆ ಮಾಡಿದ್ದೆ. ನಿದ್ದೆ ಬಾರದೆ ನಸುಕಿನಲ್ಲೇ ಎದ್ದು ಹೊರಸಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ನಮ್ಮ ಕಟ್ಟೆಯ ಎದುರಿಗೇ ಓಣಿಯ ನಳ ಇದೆ. ನಸುಕಿನಲ್ಲಿ ನೀರಿಗೆ ಬರುವ ಎದುರುಮನೆಯಾಕೆ ನನ್ನನ್ನು ಈ ಭಂಗಿಯಲ್ಲಿ ನೋಡಿದವರಲ್ಲಿ ಮೊದಲಿಗಳು. ಮಿತ ಆಹಾರ, ಮೌನ, ನಸುಕಿನ ಧ್ಯಾನ, ಅದರ ಮೇಲೆ ಹೆಂಡತಿಯನ್ನು ಬಿಟ್ಟು ಮಳೆಯಲ್ಲೂ ಹೊರಗೆ ಒಬ್ಬನೇ ಮಲಗುವುದು. ಆಕೆ ಕೊಡ ಇಳಿಸಿ ಕೈಮುಗಿದಳು. ವಾರ ಕಳೆಯುವುದರೊಳಗೆ ದನದ ಡಾಕ್ಟರು ಹೋಗಿ ನಾನು ‘ಶರಣರು’ ಆದೆ.

ನನಗೆ ಇದರಿಂದ ಬೇಸರವಾಯಿತೆಂದು ಹೇಳಿದರೆ ಸುಳ್ಳು. ಒಳಗೆ ದಿವಾಳಿಯಾದವನಿಗೆ ಹೊರಗೆ ಸಾಹುಕಾರ ಎಂದು ಯಾರಾದರೂ ಕರೆದರೆ ಓಗೊಡದೆ ಇರುವುದು ಕಷ್ಟ. ಬಿಳಿ ಅಂಗಿ ಹೆಚ್ಚು ಹಾಕತೊಡಗಿದೆ.

ಆಷಾಢದಲ್ಲಿ ಮಠದ ಕಮಿಟಿಯ ಹಿರಿಯರು ಮನೆಗೆ ಬಂದರು. ಶ್ರಾವಣದ ತಿಂಗಳಿಡೀ ನಮ್ಮ ಮಠದಲ್ಲಿ ಸಂಜೆ ಪ್ರವಚನವಿರುತ್ತದೆ, ಸ್ವಾಮಿಗಳು ಮಾತಾಡುವ ಮುಂಚೆ ಊರಿನವರೊಬ್ಬರು ನಾಲ್ಕು ಮಾತು ಹೇಳುವ ರೂಢಿ. ಈ ಸಲ ಒಂದು ಸಂಜೆ ನಾನು ಮಾತಾಡಬೇಕಂತೆ, ವಿಷಯ ಇಂದ್ರಿಯ ನಿಗ್ರಹ. ಓದಿಕೊಂಡು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಬಾಳಿ ತೋರಿಸುವವರು ಬೇಕು ಎಂದರು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ, ಅದನ್ನೂ ಅವರು ವಿನಯವೆಂದುಕೊಂಡರು. ಚಹಾ ಕೊಟ್ಟು ಒಳಗೆ ಹೋದ ನನ್ನ ಹೆಂಡತಿ ಅಡಿಗೆಮನೆಯಲ್ಲಿ ಒಂದು ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. ಆ ಸಪ್ಪಳ ಕೇಳಿದ ಮೇಲೆ ನಾನು ಚಹಾದ ಕಪ್ಪು ಕೆಳಗಿಟ್ಟೆ. ಶ್ರಾವಣದಲ್ಲಿ ಊರ ಮುಂದೆ ನಿಂತು ನಾನು ಆ ಮಾತು ಆಡಿಬಿಟ್ಟರೆ ಹೆಂಡತಿ ಮಲಗುವ ಕೋಣೆಗೆ ಮತ್ತೆ ಕಾಲಿಡುವ ದಾರಿ ಮುಚ್ಚಿದ ಹಾಗೇ. ಅದಕ್ಕೆ ಮುಂಚೆ ನನಗೆ ಆಗಿರುವುದೇನೆಂದು ತಿಳಿಯಬೇಕಿತ್ತು.

ಗಂಡಸರ ಹಾರ್ಮೋನು ವಯಸ್ಸಾದಂತೆ ಇಳಿಯುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ತೋರಿಸಿಕೊಳ್ಳುವುದು ಎಲ್ಲಿ ಎನ್ನುವುದೇ ಪ್ರಶ್ನೆ. ಕುಷ್ಟಗಿಯಲ್ಲಿ ನಾನು ಶರಣ. ಯಲಬುರ್ಗಾದಲ್ಲಿ ಎಮ್ಮೆ ಕಟ್ಟಿದ ಮನೆಯೆಲ್ಲ ನನ್ನ ಪರಿಚಯದ್ದು. ಕೊಪ್ಪಳದಲ್ಲಿ ನಮ್ಮ ಇಲಾಖೆಯವರೇ ತುಂಬಿದ್ದಾರೆ. ಉಳಿದದ್ದು ಗಂಗಾವತಿ. ಅಲ್ಲಿ ಮಗಳನ್ನು ಕೊಟ್ಟಿದ್ದೇವೆ, ಮಗಳನ್ನು ನೋಡಿ ಬರುತ್ತೇನೆಂದರೆ ಯಾರೂ ಯಾಕೆ ಎನ್ನುವುದಿಲ್ಲ.

ಆದರೆ ಗಂಗಾವತಿಯಲ್ಲಿ ಇರುವುದು ಬೀಗರ ಮನೆ. ಮಗಳ ಮಾವ, ಕಾರಟಗಿ ಕಡೆಯಿಂದ ಬಂದು ನೆಲೆಸಿದ ಭತ್ತದ ವ್ಯಾಪಾರಿ, ನನಗಿಂತ ಒಂದೆರಡು ವರ್ಷ ದೊಡ್ಡವರೇ. ಮೀಸೆಗೆ ಕಪ್ಪು ಹಚ್ಚಿ, ಬಿಗಿಯಾದ ಅಂಗಿ ಹಾಕಿ, ಈ ವಯಸ್ಸಿನಲ್ಲಿ ಜಿಮ್ಮಿಗೆ ಹೋಗುವವರು. ಭೆಟ್ಟಿಯಾದಾಗಲೆಲ್ಲ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ, ಒಣಬೇಸಾಯದ ಮಂದಿ ಬೇಗ ಬತ್ತುತ್ತೀರಿ ಎಂದು ನಗುತ್ತಿದ್ದರು. ಅವರ ಕಿವಿಗೆ ಈ ಸುದ್ದಿ ಬಿದ್ದರೆ ಮಗಳ ಮುಂದೆ ನಾನು ತಲೆ ಎತ್ತುವ ಹಾಗಿರಲಿಲ್ಲ.

ಗಂಗಾವತಿಯ ಆಸ್ಪತ್ರೆಯ ವೈದ್ಯರನ್ನು ಫೋನಿನಲ್ಲಿ ವಿಚಾರಿಸಿದಾಗ, ರಕ್ತವನ್ನು ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ಕೊಡಬೇಕು ಎಂದಿದ್ದರು. ಬೀಗರ ಮನೆಯಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಬೀಳುವುದು ಜೈಲಿನಿಂದ ಹೊರಬೀಳುವುದಕ್ಕಿಂತ ಕಷ್ಟ. ನಾನು ಹೋದ ಮರುದಿನ ಬೆಳಿಗ್ಗೆ ಮಗಳು ತಾನೇ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣಿಯ ತಟ್ಟೆ ಹಿಡಿದು ನಿಂತಳು, ಮೇಲೆ ಎರಡು ಮಿರ್ಚಿ. ಸೋಮವಾರ ಒಪ್ಪತ್ತು ಮಾಡುತ್ತೇನೆ ಎಂದೆ. ಬೀಗಿತಿ ಚಹಾ ತಂದರು, ಒಪ್ಪತ್ತಿಗೆ ಚಹಾ ನಡೆಯುತ್ತದೆಂದರು. ನನ್ನದು ಬರೀ ನೀರಿನ ಒಪ್ಪತ್ತು ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಕುಷ್ಟಗಿಯ ಸುದ್ದಿ ಅಲ್ಲಿಗಾಗಲೇ ಮುಟ್ಟಿತ್ತೆಂದು ಆಗ ತಿಳಿಯಿತು.

ದೇವಸ್ಥಾನಕ್ಕೆ ಹೋಗಿ ಬರುತ್ತೇನೆಂದು ನಾನು ಹೊರಟೆ. ಬೀಗರೂ ತಮಗೆ ರೈಸ್‌ಮಿಲ್ಲಿನಲ್ಲಿ ಕೆಲಸವಿದೆಯೆಂದು ಬೇರೆ ಆಟೋ ಹತ್ತಿದರು. ನಾನು ಬೇಕೆಂದೇ ನಾಲ್ಕು ಓಣಿ ಸುತ್ತಿ ಆಸ್ಪತ್ರೆ ಮುಟ್ಟಿದೆ. ರಕ್ತ ಕೊಡುವವರ ಬೆಂಚಿನ ಮೇಲೆ ಒಬ್ಬರು ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತಿದ್ದರು. ಮುಚ್ಚದೆ ಉಳಿದ ಅರ್ಧದಲ್ಲಿ ಕಪ್ಪು ಮೀಸೆ ಇತ್ತು.

ಇಬ್ಬರೂ ಎದ್ದು ನಿಂತೆವು. ಬೀಗರು ಎದುರಾದರೆ ಕೂತಿರಬಾರದಲ್ಲ. ಯಾರು ಮೊದಲು ಕೂಡಬೇಕೆಂದು ಅಲ್ಲಿಯೂ ಉಪಚಾರ ನಡೆಯಿತು. ಕೊನೆಗೆ ಅವರೇ ನೆಲ ನೋಡುತ್ತ, ‘ಬೀಗ್ರ, ಇದು ನಮ್ಮಿಬ್ಬರ ನಡುವ ಇರ್ಲಿ’ ಎಂದರು. ನಾನು ಇರಲಿ ಎಂದೆ. ನಮ್ಮ ಎರಡು ಮನೆತನಗಳ ನಡುವೆ ಮದುವೆಯ ಮಾತುಕತೆ ಕೂಡ ಇಷ್ಟು ಬೇಗ ಮುಗಿದಿರಲಿಲ್ಲ.

ವೈದ್ಯೆ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಯಾವಾಗಿನಿಂದ, ಎಷ್ಟು ದಿನಕ್ಕೊಮ್ಮೆ, ಮೊದಲು ಹೇಗಿತ್ತು ಎಂದು ಯಾವ ಮುಲಾಜೂ ಇಲ್ಲದೆ ಕೇಳಿದರು. ಇವೇ ಪ್ರಶ್ನೆಗಳನ್ನು ನಾನು ಊರೂರಿನ ರೈತರಿಗೆ ಹೋರಿಯ ಬಗ್ಗೆ ಕೂಗಿ ಕೇಳಿದವನು. ಈಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಉತ್ತರ ಕೊಟ್ಟೆ. ಒಂದು ಸಲದ ಪರೀಕ್ಷೆಯನ್ನು ನಂಬುವಂತಿಲ್ಲವೆಂದು ಮರುದಿನ ಬೆಳಿಗ್ಗೆ ಇನ್ನೊಮ್ಮೆ ರಕ್ತ ತೆಗೆಸಿದರು. ಹಾಗಾಗಿ ಬೀಗರ ಮನೆಯಲ್ಲಿ ಮಂಗಳವಾರವೂ ಒಪ್ಪತ್ತು ಮಾಡಬೇಕಾಯಿತು.

ಫಲಿತಾಂಶ ಬಂದಾಗ ನನ್ನ ಟೆಸ್ಟೊಸ್ಟಿರೋನು, ಅಂದರೆ ಆ ಗಂಡಸರ ಹಾರ್ಮೋನು, ಪೂರ್ತಿ ಕೈಕೊಟ್ಟಿರಲಿಲ್ಲ, ಇರಬೇಕಾದ ಮಟ್ಟದ ಕೆಳಗಿನ ಅಂಚಿಗೆ ಬಂದು ಕೂತಿತ್ತು. ನಿಜವಾಗಿ ಏರಿದ್ದು ಸಕ್ಕರೆ ಮತ್ತು ಹೊಟ್ಟೆಯ ಸುತ್ತಳತೆ. ಇಂಜೆಕ್ಷನ್ ಏನಾದರೂ ಎಂದು ನಾನು ರಾಗ ಎಳೆದೆ. ಅವರು ನನ್ನ ನೌಕರಿ ಏನಿತ್ತೆಂದು ಕೇಳಿ ತಿಳಿದುಕೊಂಡು, ಕೊಬ್ಬು ಕಟ್ಟಿ ಮಂಕಾದ ಟಗರಿಗೆ ನೀವು ಏನು ಹೇಳುತ್ತಿದ್ದಿರಿ ಎಂದರು. ಮೇವು ಕಡಿಮೆ ಮಾಡಿ ಹಿಂಡಿನ ಜತೆ ನಡೆಸಿರಿ ಎನ್ನುತ್ತಿದ್ದೆ ಎಂದೆ. ಸದ್ಯಕ್ಕೆ ಅದನ್ನೇ ಮಾಡಿರಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನಿದ್ದೆ ಕೆಟ್ಟರೂ ಇದು ಇಳಿಯುತ್ತದೆ, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದರು. ಕಟ್ಟೆಯ ಮೇಲೆ ಎಂದೆ. ಯಾಕೆ ಎಂದರು. ನಳದ ಗದ್ದಲ, ಸೊಳ್ಳೆ, ನಾಯಿ, ಬೈಕುಗಳ ನಡುವೆ ಅಷ್ಟು ತಿಂಗಳು ಮಲಗಿದವನು ಒಳಗೆ ಧಗೆ ಬಹಳ ಎಂದೆ. ಆಸೆ ಹೋಯಿತೆಂದು ನಾನು ಹೊರಗೆ ಬಂದಿದ್ದೆ, ಹೊರಗೆ ಬಂದು ನಿದ್ದೆಗೆಟ್ಟಿದ್ದಕ್ಕೆ ಅದು ಇನ್ನಷ್ಟು ಹೋಗುತ್ತಿತ್ತು.

ಬೀಗರ ಕಥೆ ನನ್ನದಕ್ಕಿಂತ ಹದಗೆಟ್ಟಿತ್ತು. ಯಾರನ್ನೂ ಕೇಳದೆ ಜಿಮ್ಮಿನ ತರಬೇತಿಯವನ ಕೈಯಲ್ಲಿ ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತ ಬಂದಿದ್ದರು. ಈಗ ರಕ್ತ ಮಂದವಾಗಿದೆ, ಹೃದಯಕ್ಕೆ ಅಪಾಯ, ಮೈ ತನ್ನ ಹಾರ್ಮೋನನ್ನು ತಾನು ಮಾಡುವುದನ್ನೇ ಬಿಟ್ಟಿದೆ ಎಂದು ವೈದ್ಯೆ ಬೈದು ಅದನ್ನು ನಿಲ್ಲಿಸಿದ್ದರು. ಹೊರಗೆ ಬೇವಿನ ಮರದ ಕೆಳಗೆ ನಿಂತು ಅವರು ನನ್ನ ಕೈ ಹಿಡಿದುಕೊಂಡರು. ಹೋರಿಗಳಿಗೆ ಕೊಡುವ ಯಾವುದಾದರೂ ಔಷಧ ನನ್ನ ಕಡೆ ಇದ್ದೇ ಇರುತ್ತದೆ, ಸ್ವಲ್ಪ ಕೊಡಬೇಕು ಎಂದು ಕೇಳಿದರು. ಮಗಳ ಮಾವ ಹೀಗೆ ಬೇಡುವುದನ್ನು ನೋಡಿ ನನಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ.

ಔಷಧದ ಮಾತು ಬಿಟ್ಟು, ಅವರ ಹೊಲದಲ್ಲಿದ್ದ ತಂದೆಯ ಕಾಲದ ಬಾವಿ ಏನಾಯಿತೆಂದು ಕೇಳಿದೆ. ಕಾಲುವೆ ನೀರು ಬಂದ ಮೇಲೆ ಯಾರೂ ಹೂಳು ತೆಗೆಯಲಿಲ್ಲ, ಕೊನೆಗೆ ಮುಚ್ಚಿಸಿ ಮೇಲೆ ಗೋದಾಮು ಕಟ್ಟಿಸಿದೆ ಎಂದರು. ಕಾಲುವೆ ಬಂದಾದ ಬೇಸಿಗೆಯಲ್ಲಿ ಏನು ಮಾಡುತ್ತೀರಿ ಎಂದೆ. ಟ್ಯಾಂಕರ್ ಎಂದವರು ಹಿಡಿದಿದ್ದ ನನ್ನ ಕೈ ಬಿಟ್ಟರು. ‘ನಿಮ್ಮ ಮೈಯಾಗಿನ ಬಾವಿ ಇನ್ನೂ ಪೂರ್ತಿ ಮುಚ್ಚಿಲ್ಲ ಬೀಗ್ರ, ಆ ಡಾಕ್ಟರಮ್ಮ ಹೇಳಿದ್ದು ಕೇಳ್ರಿ’ ಎಂದೆ. ಅವತ್ತು ಅವರು ನನ್ನ ಬೆನ್ನಿಗೆ ಏಟು ಹಾಕಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಿಟಕಿಯ ಕಡೆ ಸೀಟು ಹಿಡಿದು ಕೊಟ್ಟರು.

ಸಂಜೆ ಕುಷ್ಟಗಿ ಮುಟ್ಟಿದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬೀಗಿತಿ ಫೋನು ಮಾಡಿದ್ದರಂತೆ, ನಿಮ್ಮ ಯಜಮಾನರು ಎರಡೆರಡು ದಿನ ಒಪ್ಪತ್ತು ಮಾಡುತ್ತಾರೆ, ನೀವು ಪುಣ್ಯವಂತೆ ಎಂದರಂತೆ. ಇಷ್ಟನ್ನು ರೊಟ್ಟಿಯ ಕಡೆ ನೋಡಿಕೊಂಡೇ ಹೇಳಿದಳು. ಆಮೇಲೆ ಕೈ ನಿಲ್ಲಿಸಿದಳು.

‘ನೀವು ಶರಣರಾಗೂದಿತ್ತಂದ್ರ ನನ್ನ ಒಂದ್ ಮಾತು ಕೇಳಿ ಆಗ್ಬೇಕಿತ್ತು. ನಾನ ಬ್ಯಾಡಾದ್ನೇನೋ ಅಂತ ಮಳಿ ಹಿಡದಾಗಿಂದ ಗ್ವಾಡಿ ನೋಡ್ಕೋತ ಮಲಗೀನಿ.’

ನನ್ನ ತಲೆಯಲ್ಲಿ ಇಷ್ಟು ದಿನ ನನ್ನ ಮಾನವೊಂದೇ ಇತ್ತು. ಗೋಡೆಯ ಆ ಕಡೆ ಇನ್ನೊಬ್ಬರು ಎಚ್ಚರವಿದ್ದಾರೆಂದು ಹೊಳೆದೇ ಇರಲಿಲ್ಲ. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಆಸೆ ಹೋದದ್ದು, ಭಯ, ರಕ್ತ, ಬೆಂಚು, ಕ್ಯಾಲೆಂಡರು. ಬೀಗರನ್ನು ಮಾತ್ರ ಬಿಟ್ಟೆ, ಮಾತು ಕೊಟ್ಟಿದ್ದೆನಲ್ಲ. ಅವಳು ಹಂಚಿನ ಮೇಲಿದ್ದ ರೊಟ್ಟಿ ಕಪ್ಪಗಾಗುವವರೆಗೆ ಕೇಳಿಸಿಕೊಂಡಳು. ಸಮಾಧಾನ ಹೇಳುತ್ತಾಳೆಂದು ಕಾದೆ.

‘ನನಗ ಮುಟ್ಟು ನಿಂತಾಗ ಮೈಯಾಗ ಬೆಂಕಿ ಬಿದ್ದಂಗ ಆಕ್ಕಿತ್ತು. ನಾ ಯಾವ ಕಟ್ಟಿಗೆ ಹೊರಸ ಹಾಕಿದ್ನಿ? ನನ್ನ ಯಾರು ಶರಣಿ ಅಂದ್ರು?’

ಹಾಗಾದರೆ ಹೊರಸನ್ನು ಒಳಗೆ ತರಲೇ ಎಂದು ಮೆಲ್ಲಗೆ ಕೇಳಿದೆ. ಕತ್ತಲಾದ ಮೇಲೆ ಯಾರೂ ನೋಡದ ಹಾಗೆ ತರುವುದು ನನ್ನ ಎಣಿಕೆ. ಅದು ಅವಳಿಗೆ ಮುಖ ನೋಡಿದ ಕೂಡಲೇ ತಿಳಿಯಿತು.

‘ಊರ ಮುಂದ ಹೊರಗ ಹೋಗೀರಿ. ಊರ ಮುಂದನ ಒಳಗ ಬರ್ರಿ’ ಎಂದು ಸುಟ್ಟ ರೊಟ್ಟಿಯನ್ನು ನನ್ನ ತಟ್ಟೆಗೇ ಹಾಕಿದಳು.

ಶ್ರಾವಣ ಬಂತು. ನನ್ನ ಸರದಿಯ ಸಂಜೆ ಮಠದಲ್ಲಿ ಜಮಖಾನೆ ತುಂಬ ಜನ. ಹಿರಿಯರು ನನ್ನನ್ನು ಪರಿಚಯಿಸುತ್ತ, ಸಂಸಾರದಲ್ಲಿದ್ದೂ ಗೆದ್ದವರು ಎಂದು ಹೊಗಳಿ ಶಾಲು ಹೊದಿಸಿದರು. ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ನನ್ನ ಹೆಂಡತಿ ಕೂತಿದ್ದಳು. ಮೈಕು ಹಿಡಿದ ಮೇಲೂ ಒಂದು ಕ್ಷಣ ನನಗೆ ಆಸೆಯಾಯಿತು. ಹೋದ ಆಸೆಯಲ್ಲ, ಹೊಸದು, ಈ ಶಾಲನ್ನು ಹೀಗೇ ಹೊದ್ದುಕೊಂಡು ಇರುವ ಆಸೆ. ನಾಲ್ಕು ಒಳ್ಳೆಯ ಮಾತು ಹೇಳಿ ಇಳಿದರೆ ನಾನು ಸಾಯುವವರೆಗೂ ಶರಣ. ಕಂಬದ ಕಡೆ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

‘ನಾ ಏನೂ ಗೆದ್ದಿಲ್ರಿ. ತಾನ ಬಿಟ್ಟು ಹೋಗಿದ್ದನ್ನ ನಾ ಬಿಟ್ಟೆ ಅಂದ್ರ, ಕಳುವಾದ ಎತ್ತನ್ನ ದಾನ ಕೊಟ್ಟೆ ಅಂದಂಗ ಆಕ್ಕೈತಿ.’

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಒಬ್ಬರಿಬ್ಬರು ತಲೆಯಾಡಿಸಿದರು, ವಚನವಿರಬೇಕೆಂದುಕೊಂಡು. ಹಾಗಾಗಿ ಬಿಡಿಸಿ ಹೇಳಬೇಕಾಯಿತು. ಟಗರಿನ ಬಗ್ಗೆ ಹೇಳುತ್ತಿದ್ದ ಅದೇ ದೊಡ್ಡ ದನಿಯಲ್ಲಿ, ನನಗೆ ಆದದ್ದು ವೈರಾಗ್ಯವಲ್ಲ, ಹಾರ್ಮೋನಿನ ಇಳಿತ ಎಂದೆ. ಹೊಟ್ಟೆ ಬಂದು, ಸಕ್ಕರೆ ಏರಿ, ನಿದ್ದೆ ಕೆಟ್ಟು, ಮುಖ ತೋರಿಸಲಾರದೆ ಹೊರಗೆ ಮಲಗಿದ್ದೆ ಎಂದೆ. ಮೈಯಲ್ಲಿ ಹೀಗಾದವರು ರಸ್ತೆ ಬದಿಯ ಡೇರೆಯಲ್ಲಿ ಪುಡಿ ಕೊಳ್ಳಬೇಡಿ, ಕಂಡವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಬೇಡಿ, ವೈದ್ಯರಿಗೆ ತೋರಿಸಿ, ಅದಕ್ಕೂ ಮುಂಚೆ ಮನೆಯವಳಿಗೆ ಹೇಳಿ ಎಂದೆ. ಗಂಡಸರು ಜಮಖಾನೆಯ ಅಂಚು ಸರಿಮಾಡತೊಡಗಿದರು. ಆಗ ಹೆಂಗಸರ ಸಾಲಿನಿಂದ ಒಂದು ನಗೆ ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾರದೆ ಹೊರಬಂದ ನಗೆ. ಆ ನಗೆಯ ಗುರುತು ನನಗೆ ಮದುವೆಯಾದಾಗಿನಿಂದ ಇದೆ. ಹಿರಿಯರು ಗಡಬಡಿಸಿ, ಸ್ವಾಮಿಗಳ ಪ್ರವಚನಕ್ಕೂ ಕಾಯದೆ ಮಂಗಳಾರತಿ ಹಾಡಿಸಿಬಿಟ್ಟರು.

ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ಚಪ್ಪಲಿ ಹುಡುಕುವ ನೆಪದಲ್ಲಿ ಮೂರು ನಾಲ್ಕು ಮಂದಿ ನನ್ನ ಪಕ್ಕದಲ್ಲಿ ಬಗ್ಗಿದರು, ಗಂಗಾವತಿಯಲ್ಲಿ ಯಾವ ಡಾಕ್ಟರು, ರಕ್ತಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಪಿಸುಗುಟ್ಟಿದರು. ಕೊನೆಯಲ್ಲಿ ಬಗ್ಗಿದವರು ಕಮಿಟಿಯ ಹಿರಿಯರು. ಅವರ ಚಪ್ಪಲಿ ಅವರ ಕಾಲಲ್ಲೇ ಇತ್ತು.

ಹೊರಸನ್ನು ಮರುದಿನ ಹಗಲಲ್ಲೇ ಎತ್ತಿದೆವು, ಒಂದು ಕಡೆ ನಾನು, ಇನ್ನೊಂದು ಕಡೆ ಅವಳು. ಬಾಗಿಲಿನಲ್ಲಿ ಅದು ಅಡ್ಡ ಸಿಕ್ಕಿಕೊಂಡಿತು, ಹೊರಗೆ ತರುವಾಗ ಎಷ್ಟು ಸಲೀಸಾಗಿ ಬಂದಿತ್ತೋ. ಹೋದದ್ದೆಲ್ಲ ಮರಳಿ ಬಂತೆಂದು ನಾನು ಬರೆಯಲಾರೆ. ನಸುಕಿನಲ್ಲಿ ಈಗ ಕೆರೆಯ ಕಡೆ ನಡೆಯುತ್ತೇನೆ, ರೊಟ್ಟಿಯಲ್ಲಿ ಒಂದು ಕಡಿಮೆ ಮಾಡಿದ್ದೇನೆ, ಸಿಟ್ಟು ಇನ್ನೂ ಬರುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತದೆ, ಎಚ್ಚರಾದರೆ ಪಕ್ಕದಲ್ಲಿ ಅವಳ ಬೆನ್ನಿರುತ್ತದೆ. ನನಗೆ ಅದು ಬೇಕಾಗಿತ್ತು.

ಹೊರಸು ಒಳಗೆ ಬಂದ ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ನಾನು ಒಳಗೆ ಕೂತು ಚಹಾ ಕುಡಿಯುತ್ತಿದ್ದೆ, ಹೆಂಡತಿ ನಳಕ್ಕೆ ಹೋಗಿದ್ದಳು. ಎದುರುಮನೆಯಾಕೆ ತವರಿಗೆ ಹೋಗಿ ಆಗಷ್ಟೇ ಬಂದಿದ್ದಳು, ಮಠದ ಸುದ್ದಿ ಆಕೆಗೆ ಮುಟ್ಟಿರಲಿಲ್ಲ. ಖಾಲಿ ಕಟ್ಟೆಗೆ ಕೈಮುಗಿದು, ಶರಣರು ಎಲ್ಲಿ ಎಂದು ಕೇಳಿದಳು. ಹೆಂಡತಿ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದಳು:

‘ಶರಣ್ರಿಗೆ ಥಂಡಿ ಹತ್ತೇತವಾ, ಒಳಗ ಬಂದಾರ.’